ನಾಯಿ, ಕ್ಲಿಕ್ಕರ್ ಮತ್ತು ಅಜ್ಜಿಯ ಅಡಕತ್ತರಿ

ಅಜ್ಜಿ ಜಗಲಿಯಲ್ಲಿ ಕೂತು ಅಡಕತ್ತರಿ ಹಿಡಿದರೆ ಸಾಕು, ತೋಟದ ಆ ತುದಿಯಲ್ಲಿದ್ದ ಕೆಂಚ ಓಡಿ ಬಂದು ಅವರ ಮುಂದೆ ಕೂತುಬಿಡುತ್ತಿದ್ದ. ಒಂದು 'ಟಕ್' ಅಂದರೆ ಕಿವಿ ನಿಮಿರುತ್ತಿತ್ತು. ಇನ್ನೊಂದು 'ಟಕ್' ಅಂದರೆ ಜೊಲ್ಲು. "ಇದಕ್ಕೇನಾಯ್ತು ಮಾರಾಯ, ಇದಕ್ಕೂ ಕವಳ ಬೇಕಂತಾ?" ಅಂತ ಅಜ್ಜಿ ಎರಡು ದಿನ ನಕ್ಕರು. ಮೂರನೇ ದಿನ ಕೋಲು ಹುಡುಕಿದರು.

ತಪ್ಪು ಕೆಂಚನದ್ದಲ್ಲ, ನನ್ನದು. ಅದಕ್ಕೆ ಹತ್ತು ದಿನ ಮುಂಚೆ ನಾನು ಅವನಿಗೆ ಕ್ಲಿಕ್ಕರ್ ಅಭ್ಯಾಸ ಶುರು ಮಾಡಿದ್ದೆ. ನಮ್ಮದು ತೀರ್ಥಹಳ್ಳಿಯಿಂದ ಒಳಗೆ, ಅಡಿಕೆ ತೋಟದ ಮನೆ. ಕೆಂಚ ಅಪ್ಪಟ ಊರುನಾಯಿ, ಕೆಂಪು ಬಣ್ಣ, ಅರ್ಧ ಮಡಚಿದ ಕಿವಿ. "ನಾಟಿ ನಾಯಿಗೆ ಟ್ರೈನಿಂಗಾ?" ಅಂತ ನಕ್ಕವರು ಬಹಳ. ಲ್ಯಾಬ್ರಡಾರ್‌ಗೆ ಮಾತ್ರ ಬುದ್ಧಿ ಇರುತ್ತದೆ ಅಂತ ನಮ್ಮ ಕಡೆ ಅದ್ಯಾಕೋ ಒಂದು ನಂಬಿಕೆ. ಆದರೆ ಕ್ಲಿಕ್ಕರ್ ಹೇಗೆ ಕೆಲಸ ಮಾಡುತ್ತದೆ ಅಂತ ನನಗೆ ಸರಿಯಾಗಿ ಅರ್ಥವಾಗಿದ್ದು ಆ ಊರುನಾಯಿ ಮತ್ತು ಆ ಅಡಕತ್ತರಿಯಿಂದಲೇ.

ಕ್ಲಿಕ್ಕರ್ ಅಂದರೆ ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಒಳಗೆ ಸ್ವಲ್ಪ ಬಾಗಿದ ಉಕ್ಕಿನ ಪಟ್ಟಿ. ಒತ್ತಿದರೆ ಪಟ್ಟಿ ಮಗುಚಿ 'ಟಿಕ್', ಬಿಟ್ಟರೆ ವಾಪಸ್ ಬಂದು 'ಟಕ್'. ಅಷ್ಟೇ. ಬ್ಯಾಟರಿ ಇಲ್ಲ, ಮಂತ್ರ ಇಲ್ಲ. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುತ್ತಿದ್ದ ತಗಡಿನ ಕಪ್ಪೆ ನೆನಪಿದೆಯಾ, ಹೊಟ್ಟೆ ಒತ್ತಿದರೆ ಟಿಕ್ ಟಿಕ್ ಅನ್ನೋದು? ಅದೇ ಜಾತಿ. ಬಾಲ್ ಪೆನ್ನಿನ ಹಿಂಭಾಗ ಒತ್ತಿದರೂ ನಡೆಯುತ್ತದೆ. ಸದ್ದಿಗೆ ಹೆದರುವ ನಾಯಿಗಳಿಗೆ ಪೆನ್ನೇ ಒಳ್ಳೆಯದು, ಇಲ್ಲ ಅಂದರೆ ಕ್ಲಿಕ್ಕರನ್ನು ಟವೆಲ್ಲಿನಲ್ಲಿ ಸುತ್ತಿ ಒತ್ತಬೇಕು.

ಒಂದು ತಪ್ಪು ಕಲ್ಪನೆಯನ್ನು ಮೊದಲೇ ತೆಗೆದುಬಿಡೋಣ. ಇದು ರಿಮೋಟ್ ಅಲ್ಲ. ನಾಯಿಯನ್ನು ಕರೆಯೋದಕ್ಕಲ್ಲ, ಬೊಗಳೋದನ್ನು ನಿಲ್ಲಿಸೋದಕ್ಕೂ ಅಲ್ಲ. ನಮ್ಮ ಚಿಕ್ಕಪ್ಪ ಮೊದಲ ದಿನ ಮೆಟ್ಟಿಲ ಮೇಲೆ ನಿಂತು, ತೋಟದ ಕಡೆ ಮುಖ ಮಾಡಿ, ಇಪ್ಪತ್ತು ಸಲ ಟಿಕ್ ಟಿಕ್ ಅನ್ನಿಸಿ, "ಬರ್ತಾನೇ ಇಲ್ವಲ್ಲ, ಹಾಳಾಗಿದೆ ಇದು, ವಾಪಸ್ ಕಳಿಸು" ಅಂದರು. ಕ್ಲಿಕ್ಕರ್ "ಮಾಡು" ಅನ್ನೋದಿಲ್ಲ. "ಈಗ ಮಾಡಿದೆಯಲ್ಲ, ಅದೇ!" ಅನ್ನುತ್ತದೆ.

ಮನೆಯಲ್ಲಿ ಯಾರೋ ಮಾತಾಡುತ್ತಿರುವಾಗ ಗೋಡೆ ಮೇಲಿನ ಹಲ್ಲಿ ಲೊಚಗುಟ್ಟಿದರೆ ಹಿರಿಯರು "ನೋಡು, ಸತ್ಯ ಅಂತಿದೆ" ಅಂತಾರೆ ಅಲ್ವಾ? ಹಲ್ಲಿ ಮಾತು ಶುರು ಮಾಡಿಸೋದಿಲ್ಲ. ಆಡಿದ ಮಾತುಗಳಲ್ಲಿ ಒಂದನ್ನು ಹಿಡಿದು ಅದರ ಮೇಲೆ ಮುದ್ರೆ ಒತ್ತುತ್ತದೆ. ನಾಯಿಯ ಪಾಲಿಗೆ ಕ್ಲಿಕ್ಕರ್ ಆ ಹಲ್ಲಿ. ಒಂದೇ ವ್ಯತ್ಯಾಸ, ಈ ಹಲ್ಲಿ ಲೊಚಗುಟ್ಟಿದ ಪ್ರತಿ ಸಲವೂ ತಿನ್ನೋಕೆ ಏನಾದರೂ ಸಿಗುತ್ತದೆ.

ಸರಿ, ಅದಕ್ಕೆ ಸದ್ದೇ ಯಾಕೆ, ನೇರವಾಗಿ ತಿನ್ನೋಕೆ ಕೊಟ್ಟರೆ ಆಗೋದಿಲ್ವಾ? ಆಗುತ್ತದೆ, ಆದರೆ ತಡ ಆಗುತ್ತದೆ. ನಮ್ಮ ಮೊದಲ ಸಂಜೆ ಏನಾಯಿತು ನೋಡಿ. ಕೆಂಚ ಕೂತ. ನನಗೆ ಖುಷಿ. ಕೈ ಜೇಬಿಗೆ ಹೋಯಿತು, ಕವರ್ ಸಿಕ್ಕಿತು, ಗಂಟು ಬಿಚ್ಚಿದೆ, ಮೊಟ್ಟೆಯ ಚೂರು ತೆಗೆದೆ. ಅಷ್ಟರಲ್ಲಿ ಕವರಿನ ಸರಬರ ಕೇಳಿ ಅವನು ಎದ್ದಾಗಿದೆ, ಮುಂಗಾಲು ಎರಡೂ ನನ್ನ ಎದೆ ಮೇಲೆ. ಈಗ ಚೂರು ಕೊಟ್ಟರೆ ನಾನು ಯಾವ ಕೆಲಸಕ್ಕೆ ಕೂಲಿ ಕೊಟ್ಟ ಹಾಗಾಯಿತು? ಕೂತಿದ್ದಕ್ಕಲ್ಲ, ಎದೆ ಮೇಲೆ ಹಾರಿದ್ದಕ್ಕೆ. ನಾಲ್ಕು ದಿನ ಹೀಗೇ ನಡೆದರೆ ನಾಯಿ ಚೆನ್ನಾಗಿ ಹಾರೋದು ಕಲಿಯುತ್ತದೆ, ನಾವು "ಇದಕ್ಕೆ ಎಷ್ಟು ಹೇಳಿಕೊಟ್ಟರೂ ಅಷ್ಟೇ" ಅಂತ ಗೊಣಗುತ್ತೇವೆ. "ಆಗ ಕೂತಿದ್ದೆಯಲ್ಲ, ಅದಕ್ಕಪ್ಪಾ ಇದು" ಅಂತ ನಾಯಿಗೆ ಬಿಡಿಸಿ ಹೇಳೋಕೆ ಬರೋದಿಲ್ಲ. ಕೆಲಸ ಮುಗಿದ ಒಂದೆರಡು ಸೆಕೆಂಡಿನೊಳಗೆ ಬಂದ ಫಲವನ್ನು ಅದು ಸುಲಭವಾಗಿ ಆ ಕೆಲಸಕ್ಕೆ ಜೋಡಿಸಿಕೊಳ್ಳುತ್ತದೆ. ತಡವಾದಷ್ಟೂ ಆ ಜೋಡಣೆ ಸಡಿಲ.

ಕ್ಲಿಕ್ ಅನ್ನೋದು ಈ ತಡದ ಮೇಲೆ ಹಾಕಿದ ಕಾಲುಸಂಕ. ಕುಂಡೆ ನೆಲ ಮುಟ್ಟಿದ ಕ್ಷಣಕ್ಕೆ 'ಟಿಕ್' ಅಂದಾಯಿತು, ಯಾವ ಕೆಲಸ ಅಂತ ಅಲ್ಲಿಗೆ ತೀರ್ಮಾನ ಆಯಿತು. ಇನ್ನು ನಿಧಾನಕ್ಕೆ ಜೇಬಿಗೆ ಕೈ ಹಾಕಿ, ಪರವಾಗಿಲ್ಲ.

ಆ ಖಾಲಿ ಸದ್ದಿಗೆ ಇಷ್ಟು ಬೆಲೆ ಎಲ್ಲಿಂದ ಬರುತ್ತದೆ? ಇಲ್ಲಿ ಪಾವ್ಲೋವ್ ಬರುತ್ತಾರೆ. ಜೀರ್ಣಕ್ರಿಯೆಯ ಕೆಲಸಕ್ಕೆ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ವಿಜ್ಞಾನಿ. ಊಟಕ್ಕೆ ಮುಂಚೆ ಪ್ರತಿ ಸಲ ಒಂದೇ ಸದ್ದು ಕೇಳಿಸಿದರೆ, ಆಮೇಲೆ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ ಅಂತ ತೋರಿಸಿದವರು. ಶಾಲೆಯಲ್ಲಿ ಗಂಟೆ ಅಂತ ಓದಿದ್ದೇವೆ, ಆದರೆ ಅವರು ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಕೂಡ ಬಳಸಿದ್ದರು. ಅಜ್ಜಿಯ ಮುಂದೆ ಕೆಂಚನ ಬಾಯಿಂದ ಇಳಿದದ್ದು ಅದೇ ಜೊಲ್ಲು. ಆದರೆ ಜೊಲ್ಲು ಬಂದರೆ ಪಾಠ ಬಂದಂತಲ್ಲ. ಅದಕ್ಕೆ ಇನ್ನೊಂದು ಎಳೆ ಬೇಕು. 1898ರಲ್ಲಿ ಅಮೆರಿಕದ ಥಾರ್ನ್‌ಡೈಕ್ ಬೆಕ್ಕುಗಳನ್ನು ಅಗುಳಿ ಇರುವ ಪೆಟ್ಟಿಗೆಯಲ್ಲಿ ಕೂರಿಸಿ ಹೊರಗೆ ಮೀನು ಇಟ್ಟು ನೋಡಿದರು. ಬೆಕ್ಕು ಪರಚಿ, ಕಚ್ಚಿ, ಅಕಸ್ಮಾತ್ ಅಗುಳಿ ತೆಗೆದು ಹೊರಬರುತ್ತಿತ್ತು. ಸಲ ಸಲಕ್ಕೂ ಬೇಗ ಬರುತ್ತಿತ್ತು. ಫಲ ಕೊಟ್ಟ ಕೆಲಸ ಉಳಿಯಿತು, ಕೊಡದ್ದು ಉದುರಿತು. ಈ ಎರಡೂ ಎಳೆ ಹೊಸೆದರೆ ಕ್ಲಿಕ್ಕರ್. ಸದ್ದಿಗೆ ಬೆಲೆ ಕೊಟ್ಟಿದ್ದು ಪಾವ್ಲೋವ್ ದಾರಿ, ಆ ಸದ್ದಿನಿಂದ ಕೆಲಸ ಕಟ್ಟೋದು ಥಾರ್ನ್‌ಡೈಕ್ ದಾರಿ.

ಎರಡನೆಯ ದಾರಿಯನ್ನು ಹೆದ್ದಾರಿ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್. ಎರಡನೇ ಮಹಾಯುದ್ಧದ ಕಾಲ, ಪಾರಿವಾಳಗಳಿಂದ ಬಾಂಬಿಗೆ ದಾರಿ ತೋರಿಸಬೇಕು ಅಂತ ಒಂದು ಯೋಜನೆ. ಬಾಂಬು ಹಾರಲಿಲ್ಲ ಬಿಡಿ. ಆದರೆ 1943ರಲ್ಲಿ ಮಿನಿಯಾಪೊಲಿಸ್‌ನ ಹಿಟ್ಟಿನ ಗಿರಣಿಯೊಂದರ ಮೇಲಂತಸ್ತಿನಲ್ಲಿ ಅವರಿಗೆ ಒಂದು ವಿಷಯ ಹೊಳೆಯಿತು. ಪಾರಿವಾಳಕ್ಕೆ ಮರದ ಚೆಂಡನ್ನು ಕೊಕ್ಕಿನಿಂದ ತಳ್ಳೋದು ಕಲಿಸಬೇಕಿತ್ತು. ಅದು ತಾನಾಗಿ ತಳ್ಳಲಿ ಅಂತ ಕಾಯುತ್ತ ಕೂತರೆ ಸಂಜೆ ಆಗುತ್ತದೆ. ಅದರ ಬದಲು ಚೆಂಡಿನ ಕಡೆ ನೋಡಿದ್ದಕ್ಕೂ ಕಾಳು, ಹತ್ತಿರ ಬಂದಿದ್ದಕ್ಕೂ ಕಾಳು ಕೊಟ್ಟರೆ ಕೆಲವೇ ನಿಮಿಷದಲ್ಲಿ ತಳ್ಳುತ್ತದೆ. ನಾಯಿಗೆ ಕಲಿಸೋಕೆ ಆ ತಗಡಿನ ಕಪ್ಪೆಯಂಥ ಸದ್ದಿನ ಆಟಿಕೆ ಬಳಸಿ ಅಂತ 1951ರಲ್ಲಿ ಅವರು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದರು. ಯಾರೂ ಜಾಸ್ತಿ ಕಿವಿಗೊಡಲಿಲ್ಲ. ಕೇಳಿದ್ದು ಡಾಲ್ಫಿನ್ ಕಲಿಸುವವರು. ಡಾಲ್ಫಿನ್‌ಗೆ ಸರಪಳಿ ಹಾಕಿ ಎಳೆಯೋಕಾಗಲ್ಲ, ಹೊಡೆಯೋಕಾಗಲ್ಲ, ಬೇಜಾರಾದರೆ ಕೊಳದ ಆಚೆ ಬದಿಗೆ ಹೋಗುತ್ತದೆ, ಮುಗೀತು. ಹಾಗಾಗಿ ಸೀಟಿ ಮತ್ತು ಮೀನು. 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳ ಜತೆ ಪಳಗಿದ ಕರೆನ್ ಪ್ರಯರ್ ಈ ವಿದ್ಯೆಯನ್ನು 1990ರ ದಶಕದಲ್ಲಿ ನಾಯಿ ಸಾಕುವವರ ನಡುವೆ ತಂದರು. ಸೀಟಿಯ ಜಾಗಕ್ಕೆ ಕ್ಲಿಕ್ಕರ್ ಬಂತು.

ಇನ್ನು ಮಾಡೋದು ಹೇಗೆ. ಮೊದಲ ದಿನ ಏನೂ ಕಲಿಸಬೇಡಿ. ಕ್ಲಿಕ್, ಚೂರು. ಕ್ಲಿಕ್, ಚೂರು. ಹದಿನೈದು ಇಪ್ಪತ್ತು ಸಲ. ನಾಯಿ ಕೂತಿದ್ದರೂ ಸರಿ, ನಿಂತಿದ್ದರೂ ಸರಿ. ಅದು ಬೇರೆ ಕಡೆ ನೋಡುತ್ತಿರುವಾಗ ಒಮ್ಮೆ ಒತ್ತಿ. ತಟ್ಟನೆ ತಿರುಗಿ ನಿಮ್ಮ ಕೈ ನೋಡಿದರೆ ಸದ್ದಿಗೆ ಬೆಲೆ ಬಂದಿದೆ ಅಂತ ಅರ್ಥ. ಒಂದು ಮಾತು ಮಾತ್ರ ಗಟ್ಟಿ ಇರಲಿ: ಕ್ಲಿಕ್ ಮೊದಲು, ಕೈ ಆಮೇಲೆ. ಎರಡೂ ಒಟ್ಟಿಗೆ ಹೊರಟರೆ ನಾಯಿ ಕೈಯನ್ನೇ ನೋಡುತ್ತದೆ, ಸದ್ದು ಕೇಳೋದಿಲ್ಲ. ಮತ್ತೆ, ಒತ್ತಿದ ಮೇಲೆ ಕೊಡಲೇಬೇಕು. ತಪ್ಪಿ ಒತ್ತಿದರೂ ಕೊಡಬೇಕು. ಬ್ಯಾಂಕಿನ ಚೆಕ್ ಇದ್ದ ಹಾಗೆ, ಎರಡು ಸಲ ಬೌನ್ಸ್ ಆದರೆ ಮೂರನೆಯದನ್ನು ಯಾರೂ ತಗೊಳ್ಳೋದಿಲ್ಲ.

ಚೂರು ಅಂದರೆ ಕಡಲೆಕಾಳಿನಷ್ಟು. ದೊಡ್ಡದು ಕೊಟ್ಟರೆ ಅಗಿಯುತ್ತ ಕೂರುತ್ತದೆ, ಹತ್ತು ಸಲಕ್ಕೆ ಹೊಟ್ಟೆ ತುಂಬುತ್ತದೆ. ನಮ್ಮದು ಸಸ್ಯಾಹಾರಿ ಮನೆ, ಮೊಟ್ಟೆ ಬೇಯಿಸೋಕೆ ಕೊಟ್ಟಿಗೆ ಪಕ್ಕ ಬೇರೆ ಒಲೆ, ಅದಕ್ಕೂ ಅಜ್ಜಿಯಿಂದ ವಾರಕ್ಕೊಮ್ಮೆ ಅನುಮತಿ. ಉಳಿದ ದಿನ ಪನೀರ್, ಚಪಾತಿ ಚೂರು, ಒಣಗಿದ ಕೊಬ್ಬರಿ ಸ್ವಲ್ಪವೇ ಸ್ವಲ್ಪ. ಜಗಲಿಯಲ್ಲಿ ಚಪಾತಿ ನಡೆಯುತ್ತದೆ. ಅಂಗಳದಲ್ಲಿ ಪಕ್ಕದ ಮನೆ ಕೋಳಿ ಓಡಾಡುವಾಗ ಚಪಾತಿಗೆ ಮೂರು ಕಾಸಿನ ಬೆಲೆ ಇಲ್ಲ, ಅಲ್ಲಿ ಮೊಟ್ಟೆಯೇ ಬೇಕು. ಕೂಲಿ ಕೆಲಸಕ್ಕೆ ತಕ್ಕ ಹಾಗೆ ಇರಬೇಕಲ್ಲ, ಅಡಿಕೆ ಸುಲಿಯೋದಕ್ಕೂ ಮರ ಹತ್ತಿ ಕೊನೆ ಕೊಯ್ಯೋದಕ್ಕೂ ಒಂದೇ ರೇಟಾ? ಚಾಕಲೇಟ್, ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಬೇಡವೇ ಬೇಡ, ನಾಯಿಗೆ ವಿಷ. ಪ್ರಸಾದದ ಕೇಸರಿಬಾತಿನಲ್ಲಿ ಒಣದ್ರಾಕ್ಷಿ ಇರುತ್ತದೆ, ನೆನಪಿರಲಿ.

ಕಲಿಸೋಕೆ ಮೂರು ದಾರಿ. ನಾಯಿ ತಾನಾಗಿ ಮಾಡಿದ್ದನ್ನು ಹಿಡಿಯೋದು ಒಂದು: ದಿನಕ್ಕೆ ಹತ್ತಾರು ಸಲ ಅದು ತಾನೇ ಕೂರುತ್ತದೆ, ಆಗ ಒತ್ತಿ. ಚೂರು ತೋರಿಸಿ ಎಳೆಯೋದು ಇನ್ನೊಂದು: ಮೂಗಿನ ಮೇಲಿಂದ ಹಿಂದಕ್ಕೆ ಕೈ ಒಯ್ದರೆ ತಲೆ ಮೇಲೆ, ಕುಂಡೆ ಕೆಳಗೆ. ಬೇಗ ಆಗುತ್ತದೆ, ಆದರೆ ಕೈಯಲ್ಲಿ ತಿಂಡಿ ಇಲ್ಲದಿದ್ದರೆ ಕೆಲಸವೂ ಇಲ್ಲ ಅನ್ನೋ ಅಭ್ಯಾಸ ಅಂಟಿಕೊಳ್ಳಬಹುದು. ಮೂರನೆಯದು ಸ್ಕಿನ್ನರ್ ಪಾರಿವಾಳದ ದಾರಿ, ಚೂರು ಚೂರಾಗಿ ಕಟ್ಟೋದು. ನನಗೆ ಇದೇ ಇಷ್ಟ.

ಜಗಲಿಯ ಮೂಲೆಯಲ್ಲಿ ಒಂದು ಗೋಣಿತಾಟು ಹಾಸಿ ಅದರ ಮೇಲೆ ಮಲಗೋದು ಕಲಿಸಿದ್ದು ಹೀಗೆ. ನಾನು ಸುಮ್ನೆ ಕೂತೆ. ಮಾತಿಲ್ಲ, ಬೆರಳು ತೋರಿಸೋದಿಲ್ಲ. ಕೆಂಚ ನನ್ನನ್ನು ನೋಡಿದ, ಬಾಗಿಲು ನೋಡಿದ, ಆಕಳಿಸಿದ. ಗೋಣಿಯ ಕಡೆ ಕಣ್ಣು ಹೊರಳಿತು, ಟಿಕ್. ಚೂರನ್ನು ಗೋಣಿಯ ಹತ್ತಿರವೇ ಎಸೆದೆ. ತಿಂದು ತಲೆ ಎತ್ತಿದ, ಒಂದು ಹೆಜ್ಜೆ ಆ ಕಡೆ, ಟಿಕ್. ನಾಲ್ಕೈದು ಸಲ ಹೀಗಾದ ಮೇಲೆ ಹೆಜ್ಜೆಗೆ ಒತ್ತೋದು ನಿಲ್ಲಿಸಿದೆ. ಅವನಿಗೆ ಕಿರಿಕಿರಿ. ನನ್ನ ಮುಖ ನೋಡಿದ, ಒಂದು ಸಲ 'ವುಫ್' ಅಂದ, ಆಮೇಲೆ ಬೇಕೋ ಬೇಡವೋ ಅನ್ನೋ ಹಾಗೆ ಬಲಗಾಲಿನ ಎರಡು ಬೆರಳನ್ನು ಗೋಣಿಯ ಅಂಚಿಗೆ ಇಟ್ಟ. ಟಿಕ್! ಆ ಕ್ಷಣದಲ್ಲಿ ಅವನ ಮುಖ ನೋಡಬೇಕಿತ್ತು. ಕಿವಿ ಎರಡೂ ಮುಂದೆ, ಹಣೆ ಮೇಲೆ ಗೆರೆ. "ಓಹೋ, ಈ ವಿಷಯವಾ" ಅಂದ ಹಾಗೆ. ಮೂರು ನಿಮಿಷದಲ್ಲಿ ನಾಲ್ಕೂ ಕಾಲು ಬಂದವು, ಮರುದಿನ ಮಲಗಿದ. ಒಂದು ಪಾಠ ಮೂರರಿಂದ ಐದು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ. ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಿ.

ಇದರಲ್ಲಿ ನಾಯಿಗಿಂತ ಜಾಸ್ತಿ ಕಲಿಯಬೇಕಾದ್ದು ನಾವೇ. ನಾನು ಒತ್ತಿದ್ದು ಅರ್ಧ ಸೆಕೆಂಡ್ ತಡವಾಗಿ ಒಂದು ವಾರ ಕೆಂಚ ಕೂತು ಎಡಕ್ಕೆ ತಲೆ ಓರೆ ಮಾಡೋದನ್ನೇ ಪಾಠ ಅಂದುಕೊಂಡಿದ್ದ. ಬೆರಳು ಪಳಗಿಸೋಕೆ ನಾಯಿ ಇಲ್ಲದೆಯೂ ಅಭ್ಯಾಸ ಮಾಡಬಹುದು. ಯಾರಾದರೂ ಚೆಂಡು ಪುಟಿಸಲಿ, ನೆಲಕ್ಕೆ ತಾಗಿದ ಕ್ಷಣಕ್ಕೇ ಒತ್ತಿ.

ಪದ ಯಾವಾಗ ಸೇರಿಸೋದು? ಇಲ್ಲೇ ಎಲ್ಲರೂ ತಲೆಕೆಳಗೆ ಮಾಡೋದು. ನಾಯಿಗೆ ಏನೂ ಗೊತ್ತಿಲ್ಲದಾಗಲೇ "ಕೂರು ಕೂರು ಕೂರು ಕೂರೋ" ಅಂತ ಶುರು. ನಿಂತುಕೊಂಡೇ ಹತ್ತು ಸಲ ಕೇಳಿದ ಪದ ನಾಯಿಗೆ ನಿಂತುಕೊಳ್ಳುವಾಗ ಬರುವ ಗಲಾಟೆ, ಅಷ್ಟೇ. ಮೊದಲು ಕೆಲಸ ಬರಲಿ. ಈಗ ಕೂತೇ ಕೂರುತ್ತದೆ ಅಂತ ನೀವು ನೂರು ರೂಪಾಯಿ ಪಂದ್ಯ ಕಟ್ಟುವಷ್ಟು ನಂಬಿಕೆ ಬಂದ ಮೇಲೆ, ಅದು ಕೂರೋಕೆ ಸ್ವಲ್ಪ ಮುಂಚೆ ಒಂದು ಸಲ "ಕೂರು" ಅನ್ನಿ. ನಮ್ಮಲ್ಲಿ ಅಪ್ಪ "ಸಿಟ್" ಅನ್ನುತ್ತಿದ್ದರು, ಅಮ್ಮ "ಕೂತ್ಕೋ", ಚಿಕ್ಕಪ್ಪ "ಏಯ್". ಕೊನೆಗೆ ಅಡುಗೆಮನೆ ಬಾಗಿಲಿಗೆ ಚೀಟಿ ಅಂಟಿಸಬೇಕಾಯಿತು.

ಜಗಲಿಯಲ್ಲಿ ಕಲಿತದ್ದು ಅಂಗಳದಲ್ಲಿ ಮರೆತುಹೋದರೆ ಬೈಯಬೇಡಿ. ನಾಯಿಗೆ "ಜಗಲಿಯಲ್ಲಿ, ಅಣ್ಣ ಕುಕ್ಕರುಗಾಲಲ್ಲಿ ಕೂತಿರುವಾಗ, ಕೂರೋದು" ಅಂತ ಪಾಠ ಆಗಿರುತ್ತದೆ. ಪ್ರತಿ ಹೊಸ ಜಾಗದಲ್ಲೂ ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು. ಜೂನ್ ಬಂದ ಮೇಲೆ ನಮಗೆ ಇನ್ನೊಂದು ತೊಂದರೆ. ಶೀಟಿನ ಮಾಡಿನ ಕೆಳಗೆ ಮಳೆ ಹೊಡೆಯುವಾಗ ಕ್ಲಿಕ್ಕರ್ ಬಿಡಿ, ಪಕ್ಕದವರ ಮಾತೂ ಕೇಳೋದಿಲ್ಲ. ಜುಲೈ ಹೊತ್ತಿಗೆ ಒಳಗಿನ ಪಟ್ಟಿಗೆ ತುಕ್ಕು ಹಿಡಿದು 'ಟಿಕ್' ಹೋಗಿ 'ಕ್ರಿಕ್' ಆಯಿತು. ಆಗ ಬಾಯಲ್ಲೇ "ಸೈ" ಅನ್ನೋದು ಶುರು ಮಾಡಿದೆ, ಅದಕ್ಕೂ ಇಪ್ಪತ್ತು ಸಲ ಚೂರು ಕೊಟ್ಟು ಬೆಲೆ ತುಂಬಿ. ಪಾಠ ನಿಲ್ಲಲಿಲ್ಲ. 2016ರಲ್ಲಿ ಇಟಲಿಯ ಸಂಶೋಧಕರು 51 ನಾಯಿಗಳಿಗೆ ಒಂದೇ ಕೆಲಸ ಕಲಿಸಿ ನೋಡಿದ್ದರು, ಕೆಲವಕ್ಕೆ ಕ್ಲಿಕ್ಕರ್, ಕೆಲವಕ್ಕೆ ಪದ, ಕೆಲವಕ್ಕೆ ಬರೀ ತಿಂಡಿ. ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಡಬ್ಬಿಯಲ್ಲಿ ಪವಾಡ ಇಲ್ಲ. ನನ್ನಂಥ ಹೊಸಬರಿಗೆ ಮಾತ್ರ ಅದು ಉಪಕಾರಿ, ಯಾಕೆಂದರೆ ನಾಲಿಗೆಗಿಂತ ಬೆರಳು ಚುರುಕು, ಮತ್ತೆ ಡಬ್ಬಿಗೆ ಸಿಟ್ಟು ಬರೋದಿಲ್ಲ. ಬೆಳಿಗ್ಗೆ ಯಾರ ಜತೆಗೋ ಜಗಳ ಆಡಿ ಬಂದು ನಾನು ಹೇಳುವ "ಸೈ" ಬೇರೆ, ಟಿಕ್ ಯಾವತ್ತೂ ಒಂದೇ.

ಇನ್ನು ಅಡಕತ್ತರಿ. ಕೆಂಚನಿಗೆ ಎರಡು ಸದ್ದಿನ ವ್ಯತ್ಯಾಸ ಕೇಳಿಸಲಿಲ್ಲ ಅಂತಲ್ಲ. ನಮಗೆ ಕೇಳೋದು 20,000 ಹರ್ಟ್ಸ್ ತನಕ, ನಾಯಿಗೆ ಹತ್ತಿರ ಹತ್ತಿರ 45,000. ವ್ಯತ್ಯಾಸ ಮುಖ್ಯ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಅಜ್ಜಿಗೆ ಹೇಳಿದೆ, ಬೈಬೇಡಿ, ಏನೂ ಕೊಡಲೂಬೇಡಿ, ನಿಮ್ಮ ಪಾಡಿಗೆ ಕತ್ತರಿಸಿ. ನನ್ನ ಟಿಕ್‌ಗೆ ಚೂರು, ಅಜ್ಜಿಯ ಟಕ್‌ಗೆ ಸೊನ್ನೆ. ಮಧ್ಯೆ ಎರಡು ದಿನ ಅವನ ಹಟ ಜಾಸ್ತಿಯೇ ಆಯಿತು, ಕುಯ್ಗುಟ್ಟಿ ಅಜ್ಜಿಯ ಮೊಣಕಾಲಿಗೆ ಕಾಲು ಹಾಕಿದ. ಫಲ ನಿಂತಾಗ ಬಿಡುವ ಮುಂಚೆ ಒಮ್ಮೆ ಜೋರಾಗಿ ಪ್ರಯತ್ನಿಸೋದು ಸಹಜ. ಲಿಫ್ಟ್ ಬರದಿದ್ದರೆ ನಾವು ಬಟನ್ ಹತ್ತು ಸಲ ಒತ್ತೋದಿಲ್ವಾ, ಹಾಗೆ. ಆ ಹೊತ್ತಿಗೆ ಸೋತು ಒಂದು ಚೂರು ಕೊಟ್ಟರೆ ಕೆಟ್ಟಿತು. ಅಜ್ಜಿ ಸೋಲಲಿಲ್ಲ. ಆರನೇ ದಿನಕ್ಕೆ ಅಡಕತ್ತರಿ ಬರೀ ಅಡಕತ್ತರಿ ಆಯಿತು.

ಎಲ್ಲವೂ ಹೀಗೆ ಸಲೀಸು ಅಂದುಕೊಳ್ಳಬೇಡಿ. ಸ್ಕಿನ್ನರ್ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲಾಂಡ್ ದಂಪತಿ 1947ರಿಂದ ಪ್ರಾಣಿಗಳಿಗೆ ಕಲಿಸೋದನ್ನೇ ಕಸುಬು ಮಾಡಿಕೊಂಡಿದ್ದರು. ರಕೂನ್ ಅನ್ನೋ ಪ್ರಾಣಿಗೆ ನಾಣ್ಯ ಎತ್ತಿ ಡಬ್ಬಿಗೆ ಹಾಕೋದು ಕಲಿಸಲು ಹೋದರೆ ಅದು ಎರಡು ನಾಣ್ಯ ಒಟ್ಟಿಗೆ ಹಿಡಿದು ಉಜ್ಜುತ್ತ ಕೂರುತ್ತಿತ್ತು. ಕಾಡಿನಲ್ಲಿ ಊಟವನ್ನು ಹಾಗೆ ಉಜ್ಜೋದು ಅದರ ಹುಟ್ಟುಗುಣ. ಹುಟ್ಟಿ ಬಂದದ್ದರ ಎದುರು ಕಲಿಸಿದ್ದು ಜಾರುತ್ತದೆ ಅಂತ ಅವರು 1961ರಲ್ಲಿ ಒಪ್ಪಿಕೊಂಡು ಬರೆದರು. ನಮ್ಮಲ್ಲಿ ಮಂಗ. ಅಡಿಕೆ ಮರದಿಂದ ಮರಕ್ಕೆ ಮಂಗನ ಹಿಂಡು ಹಾರುವಾಗ ಕೆಂಚನಿಗೆ ಆ ಓಟವೇ ಬಹುಮಾನ, ನನ್ನ ಕೈಯ ಮೊಟ್ಟೆಗೆ ಕೇಳುವವರಿಲ್ಲ. ಗುಡುಗಿಗೆ, ಪಟಾಕಿಗೆ ನಡುಗುವ ನಾಯಿಗೆ, ಕಚ್ಚುವ ನಾಯಿಗೆ ಡಬ್ಬಿ ಹಿಡಿದು ಹೋಗಬೇಡಿ, ಮೊದಲು ಡಾಕ್ಟರ್.

ಹೊಡೆದರೆ ಬೇಗ ಕಲಿಯುತ್ತದೆ ಅನ್ನುವವರಿದ್ದಾರೆ. ಶಿವಮೊಗ್ಗದಲ್ಲಿ ಒಬ್ಬ ತರಬೇತಿದಾರರು ಕೆಂಚನ ಕುತ್ತಿಗೆಗೆ ಬಿಗಿಯುವ ಸರಪಳಿ ಹಾಕಿ ಜಗ್ಗಿ ತೋರಿಸಿದ್ದರು. ಅವನು ಬೊಗಳೋದು ನಿಲ್ಲಿಸಿದ, ನಿಜ. ಎರಡು ವಾರ ಯಾರಾದರೂ ಕುತ್ತಿಗೆ ಹತ್ತಿರ ಕೈ ತಂದರೆ ಹಲ್ಲು ತೋರಿಸುತ್ತಿದ್ದ. ಮಲೆನಾಡಿನಲ್ಲಿ ಅದು ಸಣ್ಣ ವಿಷಯ ಅಲ್ಲ. ಕುತ್ತಿಗೆ, ಕಿವಿ ಮುಟ್ಟೋಕೆ ಬಿಡದ ನಾಯಿಯ ಉಣುಗು ತೆಗೆಯೋದು ಹೇಗೆ?

ಉಣುಗು ಅಂದರೆ ಇಲ್ಲಿ ಎಲ್ಲರಿಗೂ ಒಂದು ಹೆದರಿಕೆ. ಮಂಗನ ಕಾಯಿಲೆ ಮೊದಲು ಗುರುತಾದದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹರಡೋದು ಉಣುಗಿನಿಂದ. ಕಾಡು ಸುತ್ತಿ ಬಂದ ನಾಯಿ ಅದನ್ನು ಜಗಲಿ ತನಕ ಹೊತ್ತು ತರಬಹುದು. ನಾಯಿಗೇ ಬರುವ ಉಣುಗಿನ ಜ್ವರ ಬೇರೆ. ಹಾಗಾಗಿ ಕೂರೋದು, ಕೈ ಕೊಡೋದೆಲ್ಲ ಆಮೇಲೆ, ನನಗೆ ಬೇಕಿದ್ದದ್ದು ಗದ್ದ ಇಡೋದು. ನನ್ನ ಅಂಗೈ ಚಾಚಿದೆ. ನೋಡಿದ, ಟಿಕ್. ಮೂಸಿದ, ಟಿಕ್. ಗದ್ದ ತಾಗಿತು, ಟಿಕ್. ಒಂದು ಸೆಕೆಂಡ್ ಇಟ್ಟ, ಎರಡು, ಐದು. ಆಮೇಲೆ ಇನ್ನೊಂದು ಕೈ ಗಾಳಿಯಲ್ಲಿ ಕಿವಿಯ ಕಡೆ ಹೊರಟು ಅರ್ಧದಲ್ಲೇ ನಿಂತಿತು, ಟಿಕ್. ಮುಟ್ಟಿತು, ಟಿಕ್. ಕಿವಿ ಮಡಚಿತು, ಟಿಕ್. ಒಂದೇ ಕರಾರು: ಅವನು ಗದ್ದ ಎತ್ತಿದರೆ ನಾನು ಆ ಕ್ಷಣಕ್ಕೆ ಕೈ ತೆಗೆಯಬೇಕು. ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ನಿಲ್ಲಿಸೋ ಹಕ್ಕು ತನ್ನ ಕೈಯಲ್ಲಿದೆ ಅಂತ ಗೊತ್ತಾದ ಮೇಲೆ ಅವನು ನಿಲ್ಲಿಸೋದೇ ಕಡಿಮೆ ಮಾಡಿದ. ಸುಮಾರು ಮೂರು ವಾರ ಹಿಡಿಯಿತು. ಉಣುಗನ್ನು ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಬೇಕು, ಕೈಗೆ ಗ್ಲೌಸ್ ಇರಲಿ. ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ.

ಇವತ್ತು ಬೆಳಿಗ್ಗೆ ಎಡಗಿವಿಯಲ್ಲಿ ಎರಡು ಸಿಕ್ಕವು, ಮುಂಗಾಲಿನ ಬೆರಳಸಂದಿಯಲ್ಲಿ ಒಂದು. ಮೂರನೆಯದು ಗಟ್ಟಿಯಾಗಿ ಕಚ್ಚಿತ್ತು. ಚಿಮುಟ ತಾಗಿದ್ದೇ ಗದ್ದ ಎತ್ತಿದ. ಕೈ ತೆಗೆದೆ. ಅಂಗಳದ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತ, ಕೋಳಿ ನೋಡಿದ, ಒಮ್ಮೆ ಮೈ ಕೊಡವಿದ, ವಾಪಸ್ ಬಂದು ಗದ್ದ ಇಟ್ಟ. "ಸೈ" ಅಂದೆ. ಒಳಗಿಂದ ಅಡಕತ್ತರಿ ಟಕ್ ಅಂದಿತು, ಕಿವಿಯೂ ಅಲುಗಲಿಲ್ಲ.